ಇನ್ನೊಬ್ಬರ ಹಾಸಿನ ಮೇಲೆ

ಅವನನ್ನು ನಾನು ಮೊದಲು ನೋಡಿದಾಗ ಅವನು ಒಬ್ಬನ ಕುತ್ತಿಗೆ ಹಿಡಿದು ಬಾವಿಯ ಕಟ್ಟೆಗೆ ಒತ್ತಿ ನಿಂತಿದ್ದ. ಒತ್ತಿಸಿಕೊಂಡವನ ಕಣ್ಣು ಮೇಲೆ ಹೋಗಿದ್ದವು. ಆ ಮನುಷ್ಯ ಮಾಡಿದ್ದಿಷ್ಟೇ: "ಗಿರಣಿ ಜ್ವರದವರ ಕೊಡಾ ಬಾವ್ಯಾಗ ಇಳಿಸಬ್ಯಾಡ್ರಿ" ಎಂದು ಇವನ ಹೆಂಡತಿಯ ಕೈಯಿಂದ ಕೊಡ ಕಸಿದು ಕಲ್ಲಿಗೆ ಕುಕ್ಕಿದ್ದ. ನಾಲ್ಕು ಜನ ಸೇರಿ ಬಿಡಿಸಿದೆವು. ಬಿಡಿಸುವಾಗ ಅವನ ಮೊಣಕೈ ಬಡಿದು ನನ್ನ ತುಟಿ ಒಡೆಯಿತು. ನಮ್ಮ ಪರಿಚಯ ಆದದ್ದು ಹೀಗೆ.

ಅವನ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವನ ಹೆಸರು ಹಿಡಿದು ಕರೆಯದ ನಾವು ಈಗ ಕಾಗದದ ಮೇಲೆ ಕರೆದು ಏನು ಸಾಧಿಸಬೇಕಾಗಿದೆ? ಬಹುವಚನವನ್ನೂ ಕೊಡುವುದಿಲ್ಲ. ಇದ್ದಾಗ ಕೊಡದ ಮರ್ಯಾದೆಯನ್ನು ಹೋದ ಮೇಲೆ ಕೊಟ್ಟರೆ ಅದು ಬರೀ ನಾಟಕ, ನನಗೆ ನಾಟಕ ಆಡುವ ವಯಸ್ಸು ಮುಗಿದಿದೆ.

ರಾಜ್ಯ ಒಂದಾದ ಮರುವರ್ಷ, ಐವತ್ತೇಳನೆಯ ಇಸವಿಯ ಮಳೆಗಾಲ ಅದು. ಫ್ಲೂ ಜ್ವರ ಹಡಗಿನಲ್ಲಿ ಬಂದು, ರೈಲು ಹತ್ತಿ ದೇಶಕ್ಕೆಲ್ಲ ಹಬ್ಬಿತ್ತು. ಸೊಲ್ಲಾಪುರದ ಗಿರಣಿಗಳಲ್ಲಿ ಪಾಳಿಗೆ ಪಾಳಿಯೇ ಮಲಗಿತು. ನಮ್ಮ ಕಡೆಯಿಂದ ದುಡಿಯಲು ಹೋಗಿದ್ದವರು ಗಂಟುಮೂಟೆ ಕಟ್ಟಿಕೊಂಡು ಹೊಳೆಆಲೂರು ಸ್ಟೇಶನ್ನಿನಲ್ಲಿ ಇಳಿಯತೊಡಗಿದರು. ಇವನೂ ಹಾಗೆ ಇಳಿದವನು. ಹುಟ್ಟಿದ್ದು ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲೇ. ನನಗೆ ಬುದ್ಧಿ ತಿಳಿಯುವ ಮೊದಲೇ ಗಿರಣಿ ಸೇರಿ, ಅಲ್ಲೇ ಸಂಸಾರ ಹೂಡಿ, ನಲವತ್ತು ದಾಟಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಮರಳಿದ್ದ. ಮಕ್ಕಳಿರಲಿಲ್ಲ.

ಸ್ಟೇಶನ್ನಿನಲ್ಲಿ ಚಕ್ಕಡಿಯವರು ಇವರನ್ನು ಹತ್ತಿಸಿಕೊಳ್ಳಲಿಲ್ಲ. ಅಸೂಟಿ ದಾಟಿ ನಡೆದು ಬಂದರೆ ಮುಂದೆ ಒಂದು ಹಳ್ಳಿಯವರು ದಾರಿಗೆ ಜಾಲಿಕಂಟಿ ಅಡ್ಡ ಹಾಕಿ ಬಡಿಗೆ ಹಿಡಿದು ನಿಂತಿದ್ದರು. ಇವನು ಕಂಟಿಯನ್ನು ಬರಿಗೈಯಲ್ಲಿ ಎತ್ತಿ ಒಗೆದ. ಬೆನ್ನಿಗೆ ಎರಡು ಏಟು ಬಿದ್ದವು. ಮೂರನೆಯ ಏಟಿಗೆ ಬಡಿಗೆಯನ್ನೇ ಹಿಡಿದು ಕಸಿದು, ಹೊಡೆದವನ ಭುಜದ ಎಲುಬು ಮುರಿದ. ಆಮೇಲೆ ಯಾರೂ ಅಡ್ಡ ಬರಲಿಲ್ಲ. "ಅಂಗೈಯಾಗ ಮುಳ್ಳು ಮುರದು ಕುಂತಿದ್ವು, ಒಂದ್ ವಾರ ಸೂಜಿ ಹಿಡದು ತಗದೆ" ಎಂದು ಅವನ ಹೆಂಡತಿ ನನ್ನ ಹೆಂಡತಿಯ ಮುಂದೆ ಹೇಳಿದ್ದಳು.

ಅವನು ಸಾದಾ ಮಾತಾಡಿದರೂ ಜಗಳವಾಡಿದಂತೆ ಕೇಳುತ್ತಿತ್ತು. ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತು ಕಿವಿ ಅರ್ಧ ಹೋಗಿತ್ತು. ಅಲ್ಲಿಯವರು ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯುತ್ತಾರಂತೆ. ಓಣಿಯ ಆ ತುದಿಯ ಕಟ್ಟೆಯಲ್ಲಿ ಕೂತು ನಾವು ಪಿಸುಗುಟ್ಟಿದ್ದನ್ನು ಅವನು ಈ ತುದಿಯಲ್ಲಿ ನಿಂತು ಓದುತ್ತಿದ್ದ. "ಏನಂದಿ? ರೋಗದ ಗಂಟು ಅಂದಿ?" ಎಂದು ನೆಟ್ಟಗೆ ಬಂದು ಕಪಾಳಕ್ಕೆ ಬಾರಿಸುತ್ತಿದ್ದ. ತಿಂಗಳೊಳಗೆ ನಮ್ಮ ಓಣಿಯ ಗಂಡಸರೆಲ್ಲ ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡುವುದನ್ನು ಕಲಿತರು. ಹೊರಗಿನವರು ಅದನ್ನು ಜ್ವರದ ಹೆದರಿಕೆ ಎಂದುಕೊಂಡರು.

ಅವನ ಕೊರಳಲ್ಲಿ ಒಂದು ಅರಿವೆಯ ಚೀಲ ತೂಗುತ್ತಿತ್ತು. ಅದರಲ್ಲಿ ಲಿಂಗವಿದೆಯೋ ತಾಯತವಿದೆಯೋ ಎಂದು ನಾವು ತರ್ಕ ಮಾಡುತ್ತಿದ್ದೆವು. ಇದ್ದದ್ದು ಗಿರಣಿಯ ಬದಲಿ ಪಾಸು. ಕಾಯಂ ಕೆಲಸಗಾರ ಬಾರದ ದಿನ ಅವನ ಮಗ್ಗಕ್ಕೆ ನಿಲ್ಲುವವನೇ ಬದಲಿ ಆಳು. ಬಾಗಿಲಲ್ಲಿ ದಿನಾ ಕಾಯಬೇಕು. ಕರೆದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಇಪ್ಪತ್ತು ವರ್ಷವಾದರೂ ಅವನನ್ನು ಕಾಯಂ ಮಾಡಿರಲಿಲ್ಲ.

"ಕಾಯಂ ಮಂದಿಗೆ ಜ್ವರಾ ಬಂದ್ರ ರಜಾ, ಪಗಾರ, ದವಾಖಾನಿ ಗುಳಿಗಿ. ಬದಲಿ ಮಂದಿಗೆ ಬಂದ್ರ ಬಾಗಲಾ ಎಲ್ಲೈತಿ ಅಂತ ತೋರಸ್ತಾರ. ಜ್ವರಾ ಒಂದಾ ತಮ್ಮಾ, ಮಂದಿ ಬ್ಯಾರೆ" ಎಂದು ಒಮ್ಮೆ ನನಗೆ ಹೇಳಿದ. ಅವನು ನನ್ನೊಡನೆ ಸಮಾಧಾನದಿಂದ ಆಡಿದ ಮಾತು ಅದೊಂದೇ ಇರಬೇಕು. ನಾನು ಟವೆಲ್ ಕೊಡವಿ ಎದ್ದುಹೋದೆ.

ನಮ್ಮ ಸಾಹುಕಾರರ ಮಗ್ಗದ ಮನೆಯಲ್ಲಿ ಎಂಟು ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥವು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಿಕೆ ಸಿಗದೆ, ಅಪ್ಪನ ಪಕ್ಕದ ಕುಣಿಗೆ ಇಳಿದವನು. ನಮ್ಮಲ್ಲೊಂದು ಕಟ್ಟಳೆಯಿತ್ತು. ಸೀರೆಯ ಉದ್ದಕ್ಕೆ ಹೂಡಿದ ಎಳೆಗಳಿಗೆ ಹಾಸು ಎನ್ನುತ್ತೇವೆ; ಒಬ್ಬ ಹೂಡಿದ ಹಾಸಿನ ಮೇಲೆ ಇನ್ನೊಬ್ಬ ಕೂಡುವಂತಿಲ್ಲ. ನೇಕಾರ ಮಲಗಿದರೆ ಹಾಸು ಕಾಯುತ್ತದೆ, ಸತ್ತರೆ ಮಗನೋ ತಮ್ಮನೋ ಮುಗಿಸುತ್ತಾನೆ. ಇದರಲ್ಲಿ ದೇವರ ಭಯಕ್ಕಿಂತ ಹೊಟ್ಟೆಯ ಭಯವೇ ಹೆಚ್ಚು. ಮಲಗಿದವನ ಮಗ್ಗಕ್ಕೆ ಕಡಿಮೆ ಕೂಲಿಯವನು ಕೂತುಬಿಟ್ಟರೆ, ಎದ್ದು ಬಂದವನಿಗೆ ಮಗ್ಗವೇ ಇರುವುದಿಲ್ಲ. ಕದ್ದು ಕೂತರೂ ಮುಚ್ಚಿಡಲು ಬರುವುದಿಲ್ಲ. ಅಡ್ಡ ಎಳೆ ಹಾಯಿಸಿದ ಮೇಲೊಮ್ಮೆ ಹಣಿಗೆ ಎಳೆದು ಬಡಿಯುತ್ತೇವಲ್ಲ, ಆ ಪೆಟ್ಟು ಒಬ್ಬೊಬ್ಬರದು ಒಂದೊಂದು. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ ಇದು ಇಂಥವನ ಪೆಟ್ಟು ಎಂದು ಹೇಳುತ್ತಿದ್ದೆವು. ಆ ವಿಷಯದಲ್ಲಿ ನಾನು ಭಾರಿ ಜಂಬದವನು.

ಶ್ರಾವಣದ ಹೊತ್ತಿಗೆ ಜ್ವರ ಓಣಿಗೆ ಬಂತು. ಅವನೇ ತಂದನೋ, ಗದಗಿನಿಂದ ನೂಲು ತರುವ ಗಾಡಿಯವರು ತಂದರೋ ಯಾರಿಗೆ ಗೊತ್ತು? ನಾವಂತೂ ಅವನೇ ತಂದ ಎಂದೆವು. ಅವನಿಗೆ ಒಂದು ದಿನವೂ ಮೈ ಬಿಸಿಯಾಗಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಅವನ ಕೆಮ್ಮು ಒಂದೇ ನಮಗೆ ಸಾಕಾಯಿತು. ಹತ್ತಿಯ ಧೂಳು ಕುಡಿದ ಎದೆಯ ಹಳೆಯ ಕೆಮ್ಮು ಅದು.

ಮಗ್ಗಗಳು ಒಂದೊಂದಾಗಿ ನಿಂತವು; ನಮ್ಮ ಮಗ್ಗದ ಮನೆಯಲ್ಲಿ ಕೊನೆಗೆ ನನ್ನದು, ಅಪ್ಪನದು ಎರಡೇ ಆಡುತ್ತಿದ್ದವು. ಊರಿನ ಬೇರೆ ಸಾಹುಕಾರರು ಗಿರಣಿಯಿಂದ ಬಂದವರನ್ನು ಅರ್ಧ ಕೂಲಿಗೆ ಹಿಡಿದು, ಮಲಗಿದವರ ಹಾಸಿನ ಮೇಲೆ ಕೂಡಿಸತೊಡಗಿದರು. ನಮ್ಮ ಸಾಹುಕಾರರೂ ಇವನನ್ನು ಕರೆದರು. "ಇಪ್ಪತ್ ವರ್ಷ ಮಂದಿ ಮಗ್ಗಕ್ಕ ನಿಂತೀನ್ರಿ. ಹುಟ್ಟಿದ ಊರಾಗ ಆ ಕೆಲಸಾ ಮಾಡಂಗಿಲ್ಲ. ಬ್ಯಾರೆ ಏನರೆ ಕೊಡ್ರಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದನಂತೆ. ಅರ್ಧ ಕೂಲಿಗೇ ಹಾಸಿನ ನೂಲಿಗೆ ಗಂಜಿ ಹಾಕುವ ಕೆಲಸ ಹಿಡಿದ. ಇದೆಲ್ಲ ನಾಟಕ, ಒಳಗೊಳಗೇ ಒಪ್ಪಿಕೊಂಡಿದ್ದಾನೆ ಎಂದು ನಮ್ಮವರು ಮಾತಾಡಿಕೊಂಡರು. ಆ ಹೊತ್ತಿಗೆ ನಾನು ಮಲಗಿದ್ದೆ.

ನನ್ನ ನೆನಪಿನ ಪ್ರಕಾರ ಸೋಮವಾರ ಮುಂಜಾನೆ ಕುಣಿಗೆ ಇಳಿದೆ, ತಲೆ ಸಿಡಿಯಿತು, ಅಷ್ಟೇ. ಆಮೇಲೆ ಹನ್ನೊಂದು ದಿನ ನನಗೆ ಲೋಕದ ಅರಿವಿಲ್ಲ. ಎಚ್ಚರವಾದಾಗ ಅಪ್ಪ ಇರಲಿಲ್ಲ. ಅದೇ ಜ್ವರ ಅವನನ್ನು ಒಯ್ದಿತ್ತು. ಮಣ್ಣೂ ಆಗಿಹೋಗಿತ್ತು, ಒಬ್ಬನೇ ಮಗನಾದ ನಾನು ಒಂದು ಹಿಡಿ ಮಣ್ಣು ಹಾಕಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಹೆಂಡತಿ ಜ್ವರದಲ್ಲಿ ಬಡಬಡಿಸುತ್ತಿದ್ದಳು. ನನಗೆ ಅಳು ಬರಲಿಲ್ಲ, ಯಾರನ್ನಾದರೂ ಕೊಲ್ಲಬೇಕು ಅನಿಸಿತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ, ಖರೇ ಹಾಗೇ ಅನಿಸಿತು.

ಗೋಡೆ ಹಿಡಿದುಕೊಂಡು ಮಗ್ಗದ ಮನೆಗೆ ಹೋದೆ. ನೇಯ್ದ ಬಟ್ಟೆ ಸುತ್ತುವ ದಿಂಡನ್ನು ಒಂದು ಸುತ್ತು ಬಿಚ್ಚಿ ಹೆಬ್ಬೆರಳು ಆಡಿಸಿದೆ. ಒಂದು ಮೊಳದಷ್ಟು ಬಟ್ಟೆ ಸಡಿಲ. ಎಳೆ ಎಳೆಯ ನಡುವೆ ಬೆಳಕು ಕಾಣುತ್ತಿತ್ತು. ಪೆಟ್ಟು ಒಮ್ಮೆ ಬಿಗಿ, ಒಮ್ಮೆ ಜಾಳು. ಇಂಥ ನೇಯ್ಗೆ ನಾನು ಜನ್ಮದಲ್ಲಿ ನೇಯ್ದವನಲ್ಲ.

ಹೊರಗೆ ಬಂದು ಓಣಿಯ ನಡುವೆ ನಿಂತು ಕೂಗಿದೆ: "ನನ್ನ ಹಾಸಿನ ಮ್ಯಾಲೆ ಯಾಂವೋ ಕುಂತಾನ. ಇದು ನನ್ನ ಪೆಟ್ಟಲ್ಲ."

ಯಾಂವೋ ಎಂದೆ, ಆದರೆ ಹೇಳುವಾಗ ಅವನನ್ನೇ ನೋಡುತ್ತಿದ್ದೆ. ಮಳೆ ಬಿಟ್ಟ ಮುಂಜಾನೆ. ಓಣಿಯುದ್ದಕ್ಕೂ ಹಾಸನ್ನು ಗೂಟಕ್ಕೆ ಬಿಗಿದು, ಜೋಳದ ಗಂಜಿ ಸವರಿ, ಅವನು ಕುಂಚದಿಂದ ತಿಕ್ಕುತ್ತಿದ್ದ. ಗಂಜಿ ಹಾಕಿದ ಮೇಲೆ ಒಣಗುವ ತನಕ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಳೆಗೆ ಎಳೆ ಅಂಟಿ ಹಾಸೇ ಹಾಳಾಗುತ್ತದೆ. ಅವನು ನನ್ನ ತುಟಿ ಓದಿದ. ಕುಂಚ ನಿಲ್ಲಿಸದೆಯೇ, "ನಾ ಕುಂತಿಲ್ಲ" ಎಂದ.

ಮೊದಲು ಅವನ ಮೇಲೆ ನುಗ್ಗಿದವನು ಕಲ್ಲಪ್ಪ. ನನ್ನ ಎಡಗಡೆಯ ಮಗ್ಗದವನು. ಜ್ವರದಲ್ಲಿ ತಮ್ಮನನ್ನು ಕಳೆದುಕೊಂಡಿದ್ದ. ಹಿಂದೆ ಏಳೆಂಟು ಜನ. ಅವನು ಕುಂಚದ ಹಿಡಿಯಿಂದಲೇ ಒಬ್ಬನ ಹುಬ್ಬು ಸೀಳಿದ, ಇನ್ನೊಬ್ಬನ ಎರಡು ಹಲ್ಲು ಉದುರಿಸಿದ, ಕಲ್ಲಪ್ಪನ ಹೊಟ್ಟೆಗೆ ಒದ್ದು ಕೆಡವಿದ. ಹಾಸಿನ ಎಳೆಗಳಿಗೆ ಮಾತ್ರ ಯಾರ ಕಾಲೂ ತಾಗದಂತೆ ಪಕ್ಕಕ್ಕೆ ಸರಿದು ಸರಿದು ಹೊಡೆದಾಡಿದ. ಕೊನೆಗೆ ಹಿಂದಿನಿಂದ ಯಾರೋ ತಲೆಗೆ ಕಲ್ಲು ಹಾಕಿದರು. ಬಿದ್ದವನ ಮೇಲೆ ನಾಲ್ಕು ಜನ ಕೂತರು. ಬಲಗೈಯನ್ನು ಎಳೆದು ನೂಲು ಬಡಿಯುವ ಕಲ್ಲಿನ ಮೇಲೆ ಇಟ್ಟರು. ಕಲ್ಲಪ್ಪ ಮರದ ಕೊಡತಿ ಎತ್ತಿ ಒಮ್ಮೆ ನನ್ನನ್ನು ನೋಡಿದ. ಖರೇನಾ ಎಂದು ಕೇಳಿದಂತಿತ್ತು ಆ ನೋಟ. ನಾನು ಹೌದೆಂದು ತಲೆ ಆಡಿಸಿದೆ. ಮೂರು ಸಲ ಕೊಡತಿ ಬಿತ್ತು. ಬೆರಳು ಮುರಿಯುವ ಸದ್ದು ನನಗೆ ನಿಂತಲ್ಲಿಗೇ ಕೇಳಿಸಿತು.

ಅವನು ಕೂಗಲಿಲ್ಲ. ಎಲ್ಲರೂ ಎದ್ದ ಮೇಲೆ ಎಡಗೈ ಊರಿ ಕೂತು, ಮುಖದ ಮೇಲೆ ಇಳಿಯುತ್ತಿದ್ದ ರಕ್ತ ಒರೆಸಿಕೊಂಡು, "ಯಾರರೆ ಕುಂಚಾ ಹಿಡೀರಿ. ಹಾಸು ಒಣಗಾಕತ್ತೈತಿ" ಎಂದ. ಯಾರೂ ಹಿಡಿಯಲಿಲ್ಲ. ಎಂಟು ಸೀರೆಯ ಹಾಸು ಅಂದು ಬಿಸಿಲಿಗೆ ಸೆಟೆದು ಹಾಳಾಯಿತು.

ಅಂದಿನಿಂದ ಓಣಿ ಅವನಿಗೆ ಹಾಸುಗಳ್ಳ ಎಂದು ಹೆಸರಿಟ್ಟಿತು. ಅವನ ಹೆಂಡತಿ ನೀರಿಗೆ ಬಂದರೂ ಹಾಸುಗಳ್ಳನ ಹೆಂಡತಿ. ಕಂಡಿಕೆಗೆ ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದವಳಿಗೆ ನಾಲ್ಕು ಮನೆಯವರು ನೂಲು ಕೊಡುವುದನ್ನು ನಿಲ್ಲಿಸಿದರು. ಸಾಹುಕಾರರನ್ನು ಕೇಳಿದಾಗ ಅವರು ಕೂತ ಎನ್ನಲಿಲ್ಲ, ಕೂತಿಲ್ಲ ಎಂದೂ ಹೇಳಲಿಲ್ಲ. ಎಲೆಅಡಿಕೆ ಅಗಿದರು.

ಇಪ್ಪತ್ತು ದಿನದ ಮೇಲೆ ಆ ಸೀರೆ ಮುಗಿಯಿತು. ಮಡಿಸಲೆಂದು ನೆಲದ ಮೇಲೆ ಹರವಿದೆ. ಸಡಿಲಾದ ಜಾಗದಲ್ಲಿ ಏಳೆಂಟು ಎಳೆ ಹರಿದು, ಮತ್ತೆ ಗಂಟು ಹಾಕಿದ್ದರು. ನಾನು ಎಡಚ. ನನ್ನ ಗಂಟಿನ ತಿರುವು ಉಳಿದವರ ಗಂಟಿಗೆ ಎದುರು. ಅಲ್ಲಿದ್ದ ಗಂಟುಗಳೆಲ್ಲ ನನ್ನವು. ಬೆರಳಿನಿಂದ ಮುಟ್ಟಿದೆ, ಕಣ್ಣಿಗೆ ಹತ್ತಿರ ಹಿಡಿದೆ, ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ನನ್ನವೇ.

ಹೆಂಡತಿ ಜ್ವರ ಬಿಟ್ಟ ಮೇಲೆ ಸುಧಾರಿಸಿಕೊಳ್ಳಲು ಜಕ್ಕಲಿಗೆ, ತವರಿಗೆ ಹೋಗಿದ್ದಳು. ಬಂದ ದಿನವೇ ಕೇಳಿದೆ. "ಆ ಸೋಮವಾರ ನಾ ಯಾವಾಗ ಮನಿಗೆ ಬಂದೆ?"

"ನೀವೆಲ್ಲಿ ಬಂದ್ರಿ? ಊಟಕ್ಕ ಕರದ್ರ ಒಲ್ಲೆ ಅಂದ್ರಿ. ಮೈ ಕೆಂಡಾಗಿತ್ತು. ದೀಪಾ ಹಚ್ಚೂ ಹೊತ್ತಿಗೆ ಮಗ್ಗದ ಮ್ಯಾಲೆ ಬಿದ್ರಂತ. ನಾನೂ ಮಾವನೋರೂ ಎತಗೊಂಡು ಬಂದ್ವಿ. ಸಾಹುಕಾರ್ರೂ ಅಲ್ಲೇ ನಿಂತಿದ್ರಲ್ಲ?"

ನನ್ನ ಜ್ವರದ ಕೈಯ ಪೆಟ್ಟನ್ನು ನಾನೇ ಗುರುತಿಸಿರಲಿಲ್ಲ. ಬಟ್ಟೆ ಓದಲು ಬರುತ್ತದೆ ಎಂಬ ಜಂಬಕ್ಕೆ ಒಬ್ಬನ ಮೂರು ಬೆರಳು ಹೋಗಿದ್ದವು. ಅವಳಿಗೆ ಎಲ್ಲ ಹೇಳಿದೆ. ಕೇಳಿದವಳು, "ಈಗಿಂದೀಗ ಹೋಗಿ ಮಂದಿಗೆ ಹೇಳ್ರಿ" ಎಂದಳು. ಮತ್ತೆ ಹೇಳಿದಳು. ಮೂರನೆಯ ಸಲ ಹೇಳಿದಾಗ ಅವಳ ಕೆನ್ನೆಗೆ ಹೊಡೆದೆ. ಅದಕ್ಕೆ ಮೊದಲೂ ಆಮೇಲೂ ಅವಳ ಮೇಲೆ ಕೈ ಎತ್ತಿದವನಲ್ಲ ನಾನು. ಅವಳು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಜ್ವರ ಇಳಿಯಿತು, ಆದರೆ ಕೂಲಿ ಮತ್ತೆ ಏರಲಿಲ್ಲ. ಗಿರಣಿಯವರಿಗೆ ಕೊಟ್ಟ ಅರ್ಧ ಕೂಲಿಯೇ ನಮ್ಮೆಲ್ಲರ ಕೂಲಿಯಾಯಿತು. ಇಷ್ಟಕ್ಕೆ ಒಲ್ಲದಿದ್ದರೆ ಬಿಡ್ರಿ, ಕೂಡುವವರು ಬಾಗಿಲಲ್ಲಿ ಇದ್ದಾರೆ ಎನ್ನುವುದು ಸಾಹುಕಾರರ ಉತ್ತರ. ಗಿರಣಿಯ ಬಾಗಿಲು ಸೊಲ್ಲಾಪುರದಿಂದ ನಮ್ಮ ಓಣಿಗೇ ಬಂದು ನಿಂತಿತ್ತು. ಇವನು ಮುರಿದ ಕೈ ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗಿ ಬಂದ. ಅಲ್ಲಿ ಕೈ ನೋಡಿ ಪಾಸನ್ನು ಕಸಿದುಕೊಂಡಿದ್ದರು. ಕೊರಳು ಬರಿದಾಗಿತ್ತು.

ದಸರೆಯ ಹೊತ್ತಿಗೆ ನಾವು ಹಳೆಯ ಕೂಲಿ ಕೊಡಿ ಎಂದು ಸಾಹುಕಾರರ ಮನೆಯ ಮುಂದೆ ನಿಂತೆವು. ಓದಿದವನೆಂದು ನನ್ನನ್ನು ಮುಂದೆ ಮಾಡಿದ್ದರು. ಸಾಹುಕಾರರು ನನ್ನೊಬ್ಬನನ್ನೇ ಒಳಗೆ ಕರೆದು, ಕೂಡಿಸಿ, ಚಹಾ ಕೊಡಿಸಿದರು.

"ಆ ಸೋಮವಾರ ನೀ ಸಂಜೀತನಕಾ ನೇಯ್ದದ್ದು ನಾ ನೋಡೀನಪಾ. ಯಾರಿಗರೆ ಹೇಳೀನೇನು? ಹೇಳಿದ್ರ ಕಲ್ಲಪ್ಪ ನಿನ್ನ ಕೈ ಬಿಡ್ತಾನೇನು?" ಎಂದರು. ಸಣ್ಣ ದನಿಯಲ್ಲಿ, ಮನೆಯ ಹಿರಿಯ ಬುದ್ಧಿ ಹೇಳುವ ಹಾಗೆ.

ಚಹಾ ಕುಡಿದೆ. ಅದನ್ನೂ ಬರೆಯಬೇಕು: ಪೂರ್ತಿ ಕುಡಿದೆ. ಹೊರಗೆ ಬಂದು, "ಈ ವರ್ಷ ಹಿಂಗಾ ನಡೀಲಿ" ಎಂದೆ. ನಮ್ಮವರು ಥೂ ಎಂದು ಉಗಿದು ಬಾಗಿಲಿಗೆ ನುಗ್ಗಿದರು. ಬಾಗಿಲಲ್ಲಿ ಅವನಿದ್ದ. ಸಾಹುಕಾರರು ಅವನನ್ನು ಬಡಿಗೆ ಕೊಟ್ಟು ಕಾವಲಿಗೆ ಇಟ್ಟುಕೊಂಡಿದ್ದರು. ಎಡಗೈಯಲ್ಲೇ ಹೊಡೆದ. ನೆಲಕ್ಕೆ ಬಿದ್ದವರನ್ನೂ ಬಿಡಲಿಲ್ಲ. ತನ್ನ ಬೆರಳು ಮುರಿದವರನ್ನು ಮುಖ ನೋಡಿ ನೋಡಿ ಹುಡುಕಿ ಹೊಡೆದ. ಕಲ್ಲಪ್ಪನ ಮೊಣಕಾಲ ಚಿಪ್ಪು ಒಡೆಯಿತು. ನನ್ನ ಕುತ್ತಿಗೆಯ ಎಲುಬಿಗೆ ಒಂದು ಬಿತ್ತು. ನಾನು ಕೈ ಅಡ್ಡ ಒಡ್ಡದೆ ನಿಂತೆ. ಇನ್ನೊಂದು ಬೀಳಲಿ ಅನಿಸಿತು. ಅವನು ಬಡಿಗೆ ಎತ್ತಿದವನು ನನ್ನ ಮುಖವನ್ನೇ ನೋಡಿ, ಏನು ಕಂಡನೋ, ಇಳಿಸಿ ಬೇರೆಯವನ ಕಡೆ ಹೋದ. ನಾವು ಅರ್ಧ ಕೂಲಿಗೇ ಕುಣಿಗೆ ಇಳಿದೆವು.

ಎರಡು ವರ್ಷ ಅವನು ಆ ಬಾಗಿಲು ಕಾದ. ನಾವು ಅವನಿಗೆ ಹೆದರಿದೆವು, ಅವನನ್ನು ದ್ವೇಷಿಸಿದೆವು. ಸಾಹುಕಾರರನ್ನು ದ್ವೇಷಿಸಲು ನಮಗೆ ಪುರಸೊತ್ತೇ ಆಗಲಿಲ್ಲ. ಕೆಮ್ಮು ರಕ್ತಕ್ಕೆ ತಿರುಗಿದ ಮೇಲೆ ಅವನನ್ನೂ ಕೆಲಸದಿಂದ ಬಿಡಿಸಿದರು. ಗುಡ್ಡದ ಬುಡದ ಒಂದು ಗುಡಿಸಲಲ್ಲಿ ಮಲಗಿದ್ದಾನೆ, ಬಹಳ ದಿನ ಇಲ್ಲ ಎಂದು ಸುದ್ದಿ ಬಂತು. ಹೆಂಡತಿ ನನ್ನ ಮುಂದೆ ರುಮಾಲು ತಂದಿಟ್ಟಳು. ಹೋದೆ.

ಎಲುಬು ಚರ್ಮ ಅಷ್ಟೇ ಉಳಿದಿತ್ತು. ಬಲಗೈಯ ಮೂರು ಬೆರಳು ಅಂಗೈಯೊಳಗೆ ಮಡಚಿಕೊಂಡೇ ಒಣಗಿದ್ದವು. ಹತ್ತಿರ ಕೂತು, ಅವನಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದೆ. "ಅಣ್ಣಾ, ಆ ಪೆಟ್ಟು ನಂದಾ ಆಗಿತ್ತು. ಜ್ವರದಾಗ ನಾನಾ ನೇಯ್ದಿದ್ದೆ. ನೀ ಕುಂತಿದ್ದಿಲ್ಲ."

ಎಡಗೈ ಎತ್ತಿ ನನ್ನ ಅಂಗಿಯ ಕೊರಳು ಹಿಡಿದ. ಆ ಸ್ಥಿತಿಯಲ್ಲೂ ನನ್ನನ್ನು ಮುಖಕ್ಕೆ ಮುಖ ತಾಗುವಷ್ಟು ಎಳೆದುಕೊಂಡ.

"ನಾ ಕುಂತಿಲ್ಲ ಅನ್ನೂದು ನನಗ ಗೊತ್ತಿತ್ತಲ್ಲಲೇ. ನನಗ್ಯಾಕ ಹೇಳ್ತಿ? ಗೊತ್ತಿಲ್ಲದವರಿಗೆ ಹೇಳು."

ತಳ್ಳಿ ಗೋಡೆಯ ಕಡೆ ಹೊರಳಿದ. ನಾನು ಓಣಿಗೆ ಬಂದೆ. ಕಟ್ಟೆಯ ಮೇಲೆ ಜನರಿದ್ದರು. ಕಲ್ಲಪ್ಪ ಕುಂಟುತ್ತ ಬಂದು ಎಲೆಅಡಿಕೆ ಕೊಟ್ಟ. ಹಾಕಿಕೊಂಡು ಮನೆಗೆ ಹೋದೆ. ಮರುದಿನವೂ ಬಾಯಿ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವನು ತೀರಿಕೊಂಡ.

ಹೆಣ ಎತ್ತಲು ಜನ ಬರಲಿಲ್ಲ. ದೂರದ ಸಂಬಂಧಿಕರು ಮೂವರಿದ್ದರು, ನಾನು ನಾಲ್ಕನೆಯವನಾಗಿ ಹೆಗಲು ಕೊಟ್ಟೆ. ದಾರಿ ನಮ್ಮ ಓಣಿಯ ಮೇಲೆಯೇ ಹಾಯುತ್ತಿತ್ತು. ಹಾಸುಗಳ್ಳ ಹೊಂಟ ಎಂದು ಯಾರೋ ಜಗುಲಿಯಿಂದ ಅಂದರು. ನಾನು ನಿಂತೆ. ಚಟ್ಟ ಇಳಿಸಿದೆವು. ಓಣಿಯ ನಡುವೆ ನಿಂತು ಹೇಳಿದೆ: "ಇಂವ ನನ್ನ ಹಾಸಿನ ಮ್ಯಾಲೆ ಕುಂತಿದ್ದಿಲ್ಲ. ಆ ಪೆಟ್ಟು ನಂದು. ನಾ ಸುಳ್ಳು ಹೇಳಿದೆ."

ಕಲ್ಲಪ್ಪ ಜಗುಲಿ ಇಳಿದು ಬಂದ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ನನ್ನ ಕೈಲೆ ಮಾಡಿಸಿದೆಲ್ಲಲೇ" ಎಂದು ಬಾಯಿಗೆ ಗುದ್ದಿದ. ಒಂದು ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಮತ್ತೆ ಗುದ್ದಿದ. ಯಾರೂ ಬಿಡಿಸಲಿಲ್ಲ. ಆಮೇಲೆ ಅವನೇ ಓಣಿಯ ಮಣ್ಣಿನಲ್ಲಿ ಕೂತು ಎರಡೂ ಕೈಯಿಂದ ತಲೆ ಬಡಿದುಕೊಂಡ.

ಸತ್ತವನ ಹೆಂಡತಿ ಚಟ್ಟದ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಹೆಗಲು ಕೊಡಲು ಬಾಗಿದವರನ್ನು ಕೈ ಮಾಡಿ ತಡೆದಳು. ಕೊಡ ಇಳಿಸಲು ಬಿಡದ ಮನೆಗಳು, ನೂಲು ಕೊಡದ ಮನೆಗಳು, ಓಣಿಯ ಎರಡೂ ಬದಿಗೆ ಬಾಗಿಲು ತೆರೆದುಕೊಂಡು ನಿಂತಿದ್ದವು.

"ಇಲ್ಲಿ ನಿಂತು ಹೇಳಿದ್ರ ಆ ಕಡೆ ಮನಿಗೆ ಕೇಳೂದಿಲ್ಲ. ಒಂದೊಂದ ಬಾಗಲಾಗ ನಿಂತು ಹೇಳ್ರಿ. ಆಮ್ಯಾಲೆ ಎತ್ತೂಣು" ಎಂದಳು.

ಬಾಯಿಯ ರಕ್ತ ಉಗಿದು ಮೊದಲನೆಯ ಮನೆಯ ಬಾಗಿಲಿಗೆ ಹೋದೆ. ಹೇಳಿದೆ. ಎರಡನೆಯ ಮನೆಗೆ ಹೋದೆ. ಆ ಓಣಿಯಲ್ಲಿ ಆಗ ಮೂವತ್ತಾರು ಮನೆಗಳಿದ್ದವು.